ಅಸಿಸ್ಟೆಡ್ ಲಿವಿಂಗ್‌ನಲ್ಲಿ ಮಾತ್ರೆ ಕೊಡುವ ಕೆಲಸ: ಅಮೆರಿಕದ ಯಾವ ರಾಜ್ಯದಲ್ಲಿ ಯಾವ ತರಬೇತಿ ಆರಿಸಬೇಕು?

"ಅಕ್ಕಾ, ಆನ್‌ಲೈನ್‌ನಲ್ಲಿ ಒಂದು ಕೋರ್ಸ್ ಇದೆ. ನಾಲ್ಕೇ ಗಂಟೆ. ಮುಗಿದ ತಕ್ಷಣ ಸರ್ಟಿಫಿಕೇಟ್ ಕೊಡ್ತಾರಂತೆ. ಸೇರ್ಕೊಳ್ಳಲಾ?"

ನಾರ್ತ್ ಕ್ಯಾರೊಲೈನಾದ ಕ್ಯಾರಿಯಿಂದ ಬಂದ ಫೋನ್ ಅದು. ಮಾತಾಡಿದವಳು ದಾವಣಗೆರೆ ಕಡೆಯ ಹೆಣ್ಣುಮಗಳು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ್ದರು, ಕೆಲಸದ ಪರವಾನಗಿ ಕೈಗೆ ಬಂದಿತ್ತು, ಮನೆಗೆ ಹತ್ತಿರದ ಅಸಿಸ್ಟೆಡ್ ಲಿವಿಂಗ್ (ದಿನನಿತ್ಯದ ಕೆಲಸಗಳಿಗೆ ನೆರವು ಬೇಕಾದ ಹಿರಿಯರ ವಸತಿ) ಒಂದರ ಮುಂದೆ 'ಮೆಡಿಕೇಶನ್ ಏಡ್ ಬೇಕಾಗಿದ್ದಾರೆ' ಎಂಬ ಬೋರ್ಡ್ ನೋಡಿದ್ದಳು. ಮೆಡಿಕೇಶನ್ ಏಡ್ ಎಂದರೆ ನರ್ಸ್ ಅಲ್ಲದಿದ್ದರೂ ತರಬೇತಿ ಪಡೆದು ಮಾತ್ರೆ ಕೊಡುವ ಸಿಬ್ಬಂದಿ. "ಆ ಸರ್ಟಿಫಿಕೇಟನ್ನ ನಿಮ್ಮ ರಾಜ್ಯ ಒಪ್ಪುತ್ತಾ?" ಎಂದು ಕೇಳಿದೆ. ಆ ಕಡೆ ಮಾತಿಲ್ಲ. ದುಡ್ಡು ಕಟ್ಟುವ ಮೊದಲೇ ಕೇಳಿದಳಲ್ಲ ಎಂದು ನನಗೆ ಸಮಾಧಾನವಾಯಿತು. ಅವಳಿಗಿಂತ ಮುಂಚೆ ಇಬ್ಬರು ಕೋರ್ಸ್ ಮುಗಿಸಿ, ಬಂಗಾರದ ಬಣ್ಣದ ಮುದ್ರೆ ಒತ್ತಿದ ಕಾಗದ ಹಿಡಿದುಕೊಂಡೇ ನನ್ನ ಹತ್ತಿರ ಬಂದಿದ್ದರು. ಅದನ್ನು ಯಾರೂ ಒಪ್ಪಲಿಲ್ಲ.

ನಾನು ಕರ್ನಾಟಕದಲ್ಲಿ ನರ್ಸಿಂಗ್ ಓದಿ, ಇಲ್ಲಿ ಆರ್‌ಎನ್ (ಲೈಸೆನ್ಸ್ ಪಡೆದ ನರ್ಸ್) ಆಗಿ, ಬಹಳ ವರ್ಷ ವಯಸ್ಸಾದವರ ನಡುವೆ ಕೆಲಸ ಮಾಡಿದವಳು. ಮಾತ್ರೆ ಕೊಡಲು ಬರುವ ಹೊಸಬರ ಕೈ ಪಳಗಿಸುವುದು ನನ್ನ ಕೆಲಸದ ದೊಡ್ಡ ಪಾಲು. ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲಿಗೆ ಒಂದು ವಿಷಯ. ಇಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲ, ಸದಾ ಶುಶ್ರೂಷೆ ಬೇಕಾದವರು ಉಳಿಯುವ ವಸತಿ. ನರ್ಸಿಂಗ್ ಹೋಮ್‌ಗಳಿಗೆ ಇರುವಂತೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ನಿಯಮಾವಳಿ ಅಸಿಸ್ಟೆಡ್ ಲಿವಿಂಗ್‌ಗೆ ಇಲ್ಲ. ಪರವಾನಗಿ ಕೊಡುವುದು, ತರಬೇತಿ ಗೊತ್ತುಪಡಿಸುವುದು ಎಲ್ಲವೂ ರಾಜ್ಯಗಳ ಕೈಯಲ್ಲಿ. ಹಾಗಾಗಿ ಒಂದು ರಾಜ್ಯದ ಕಾಗದ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ. 'ಅಮೆರಿಕದಾದ್ಯಂತ ಮಾನ್ಯ' ಎಂದು ಜಾಹೀರಾತು ಹಾಕಿಕೊಂಡ ಕೋರ್ಸ್ ಕಂಡರೆ ಅಲ್ಲೇ ನಿಲ್ಲಿ. ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಬರುವ ವರ್ಷ ಬೇರೆ ರಾಜ್ಯಕ್ಕೆ ಹೋಗುವ ಸಂಭವವಿದ್ದರೆ, ಹೋಗುವ ರಾಜ್ಯದ ನಿಯಮವನ್ನೂ ಈಗಲೇ ಓದಿಕೊಳ್ಳಿ.

ಕೊಡುವುದು ಬೇರೆ, ನೆರವಾಗುವುದು ಬೇರೆ

ಎಲ್ಲರೂ ಗಂಟೆ ಲೆಕ್ಕ ಹಿಡಿದು ಹೋಲಿಸುತ್ತಾರೆ: ಅಲ್ಲಿ ಆರು, ಇಲ್ಲಿ ಇಪ್ಪತ್ತು, ಟೆಕ್ಸಾಸ್‌ನಲ್ಲಿ ನೂರಾ ನಲವತ್ತು. ನಾನು ಮೊದಲು ನೋಡುವುದು ಕಾನೂನಿನಲ್ಲಿರುವ ಕ್ರಿಯಾಪದವನ್ನು. ನೀವು ಮಾತ್ರೆ 'ಕೊಡುತ್ತೀರೋ', ಇಲ್ಲ ಹಿರಿಯರು ತಾವೇ ತೆಗೆದುಕೊಳ್ಳುವಾಗ 'ನೆರವಾಗುತ್ತೀರೋ'? ನಮ್ಮ ಮನೆಗಳಲ್ಲಿ ಅಜ್ಜನಿಗೆ ಮಾತ್ರೆ ಕೊಟ್ಟೆ ಎಂದಾಗ ಇವೆರಡರ ನಡುವೆ ಗೆರೆಯೇ ಇರುವುದಿಲ್ಲ. ಇಲ್ಲಿ ಆ ಗೆರೆ ದಾಟಿದರೆ ನರ್ಸಿಂಗ್ ಲೈಸೆನ್ಸ್ ಇಲ್ಲದೆ ನರ್ಸಿಂಗ್ ಮಾಡಿದ ಆರೋಪವೇ ಬರಬಹುದು.

ಫ್ಲೋರಿಡಾ ನೆರವಿನ ರಾಜ್ಯ. ಅಲ್ಲಿ ಲೈಸೆನ್ಸ್ ಇಲ್ಲದ ಸಿಬ್ಬಂದಿಗೆ 6 ಗಂಟೆಯ ತರಬೇತಿ, ಆಮೇಲೆ ವರ್ಷಕ್ಕೆ 2 ಗಂಟೆ. ಲೇಬಲ್ ಇರುವ ಡಬ್ಬಿಯನ್ನು ತರಬಹುದು, ಹಿರಿಯರ ಎದುರಿಗೇ ಮುಚ್ಚಳ ತೆಗೆಯಬಹುದು, ಹೇಳಿದಷ್ಟು ಮಾತ್ರೆ ಅವರ ಅಂಗೈಗೆ ಹಾಕಬಹುದು, ಲೋಟ ಬಾಯಿಯವರೆಗೆ ಎತ್ತಲು ಕೈ ಆಸರೆ ಕೊಡಬಹುದು. ಡೋಸ್ ಲೆಕ್ಕ ಹಾಕುವಂತಿಲ್ಲ, ಔಷಧಿ ಬೆರೆಸುವಂತಿಲ್ಲ, ಸೂಜಿ ಚುಚ್ಚುವಂತಿಲ್ಲ. ಆರು ಗಂಟೆ ಸಾಕಾಗುವುದು ಕೆಲಸದ ಎಲ್ಲೆ ಅಷ್ಟು ಚಿಕ್ಕದಾಗಿರುವುದರಿಂದ.

ಕ್ಯಾಲಿಫೋರ್ನಿಯಾವೂ ಇದೇ ಗುಂಪಿನದು. 16 ಅಥವಾ ಹೆಚ್ಚು ಹಿರಿಯರಿಗೆ ಪರವಾನಗಿ ಇರುವ ವಸತಿಯಲ್ಲಿ 24 ಗಂಟೆಯ ತರಬೇತಿ. ಅದರಲ್ಲಿ 16 ಗಂಟೆ ಅನುಭವಸ್ಥರ ಹಿಂದೆಯೇ ನಿಂತು ಕಲಿಯುವುದು. 15 ಅಥವಾ ಕಡಿಮೆ ಮಂದಿಯ ಮನೆಯಾದರೆ ಒಟ್ಟು 10 ಗಂಟೆ, 6 ಗಂಟೆ ಹಿಂದೆ ನಿಂತು ಕಲಿಕೆ. ಪರೀಕ್ಷೆಯಿದೆ, ಆಮೇಲೆ ವರ್ಷಕ್ಕೆ 8 ಗಂಟೆ. ಹಿಂದೆ ನಿಂತು ಕಲಿಯುವುದಕ್ಕೆ ಇಷ್ಟು ದೊಡ್ಡ ಪಾಲು ಇಟ್ಟಿರುವುದು ನನಗೆ ಬಹಳ ಹಿಡಿಸುತ್ತದೆ. ಇನ್ಸುಲಿನ್ ಮಾತ್ರ ಹಿರಿಯರು ತಾವೇ ಚುಚ್ಚಿಕೊಳ್ಳಬೇಕು, ಇಲ್ಲವೇ ನರ್ಸ್ ಬರಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಆರು ಹಾಸಿಗೆಯ ಮನೆ ನಡೆಸಬೇಕೆಂದು ಕೇಳುವ ನಮ್ಮವರಿಗೆ ಈ ಒಂದು ಸಾಲನ್ನು ಒತ್ತಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡ ಮೇಲೆ ಈ ನಿಯಮ ಗೊತ್ತಾದರೆ ಬಹಳ ಕಷ್ಟ.

ನಾರ್ತ್ ಕ್ಯಾರೊಲೈನಾ: ಹದಿನೈದು ಗಂಟೆಯೋ, ಇಪ್ಪತ್ತನಾಲ್ಕು ಗಂಟೆಯೋ

ನನ್ನನ್ನು ಹೆಚ್ಚು ಕೇಳುವುದು ಈ ರಾಜ್ಯದ ಬಗ್ಗೆ. ರ್‍ಯಾಲೆ, ಕ್ಯಾರಿ, ಮಾರಿಸ್‌ವಿಲ್ ಸುತ್ತ ಕನ್ನಡ ಕುಟುಂಬಗಳು ಸಾಕಷ್ಟಿವೆ. ಇಲ್ಲಿ ಅಸಿಸ್ಟೆಡ್ ಲಿವಿಂಗ್ ಅನ್ನು ಕಾನೂನು 'ಅಡಲ್ಟ್ ಕೇರ್ ಹೋಮ್' ಎನ್ನುತ್ತದೆ; ಎರಡರಿಂದ ಆರು ಮಂದಿಯ ಚಿಕ್ಕ ಮನೆಯಾದರೆ 'ಫ್ಯಾಮಿಲಿ ಕೇರ್ ಹೋಮ್'. ಇವೆರಡರಲ್ಲೂ ಮೆಡಿಕೇಶನ್ ಏಡ್ ಆಗಲು ಮೊದಲು ರಾಜ್ಯ ಸಿದ್ಧಪಡಿಸಿದ 5 ಗಂಟೆಯ ಪಾಠ, ಆಮೇಲೆ ಕೈಕೆಲಸದ ಪರಿಶೀಲನೆ. ಅಲ್ಲಿಗೆ ಮಾತ್ರೆ ಕೊಡಲು ಶುರುಮಾಡಬಹುದು. ಕೆಲಸಕ್ಕೆ ಸೇರಿದ 60 ದಿನದೊಳಗೆ ಇನ್ನೂ 10 ಗಂಟೆಯ ಪಾಠ ಮುಗಿಸಿ ರಾಜ್ಯದ ಪರೀಕ್ಷೆ ಪಾಸಾಗಬೇಕು.

ಇನ್ನೊಂದು ದಾರಿ ನರ್ಸಿಂಗ್ ಹೋಮ್‌ನದು: ಮೊದಲು ನರ್ಸ್ ಏಡ್ (ಮೈ ಆರೈಕೆ ಮಾಡುವ ಸಹಾಯಕರು) ಪಟ್ಟಿಯಲ್ಲಿ ಹೆಸರಿರಬೇಕು, ಆಮೇಲೆ ನರ್ಸಿಂಗ್ ಮಂಡಳಿ ಒಪ್ಪಿದ 24 ಗಂಟೆಯ ಕೋರ್ಸ್, ಪರೀಕ್ಷೆ, ರಾಜ್ಯದ ರಿಜಿಸ್ಟ್ರಿಯಲ್ಲಿ ನೋಂದಣಿ. ಅಸಿಸ್ಟೆಡ್ ಲಿವಿಂಗ್ ಒಂದೇ ನಿಮ್ಮ ಗುರಿಯಾದರೆ ಹದಿನೈದು ಗಂಟೆಯ ದಾರಿ ಸಾಕು. ಮುಂದೆ ನರ್ಸಿಂಗ್ ಹೋಮ್‌ಗೂ ಹೋಗುವ ಮನಸ್ಸಿದ್ದರೆ ಮೊದಲೇ ನರ್ಸ್ ಏಡ್ ಮಾಡಿಕೊಳ್ಳಿ. ಮೈ ಒರೆಸುವುದು, ಹೊರಳಿಸುವುದು, ಉಣಿಸುವುದು ಕಲಿತವರ ಕಣ್ಣಿಗೆ ಹಿರಿಯರ ಮುಖದ ಸಣ್ಣ ಬದಲಾವಣೆಯೂ ಬೀಳುತ್ತದೆ. ಇವತ್ತು ಮಾತ್ರೆ ನುಂಗಲು ಒದ್ದಾಡುತ್ತಿದ್ದಾರೆ, ನಿನ್ನೆ ಹೀಗಿರಲಿಲ್ಲ ಎಂದು ಅವರು ಗುರುತಿಸಬಲ್ಲರು.

ಈ ಐದು ಗಂಟೆಯ ಪಾಠದಲ್ಲಿ ಸೋಂಕು ತಡೆಗೆ ಅಷ್ಟು ಜಾಗ ಯಾಕೆ ಎಂದು ಹೊಸಬರು ಕೇಳುತ್ತಾರೆ. ಆಗ 2010ರ ಕಥೆ ಹೇಳುತ್ತೇನೆ. ಆ ವರ್ಷ ಇದೇ ರಾಜ್ಯದ ಒಂದು ವಸತಿಯಲ್ಲಿ ರಕ್ತದ ಸಕ್ಕರೆ ನೋಡುವಾಗ ಒಬ್ಬರಿಗೆ ಬಳಸಿದ ಸಲಕರಣೆಯನ್ನೇ ಇನ್ನೊಬ್ಬರಿಗೂ ಬಳಸಲಾಗುತ್ತಿತ್ತು. ಎಂಟು ಮಂದಿ ಹಿರಿಯರಿಗೆ ಹೆಪಟೈಟಿಸ್ ಬಿ ತಗುಲಿತು. ಅವರಲ್ಲಿ ಆರು ಜನ ತೀರಿಕೊಂಡರು. ಬೆರಳಿಗೆ ಚುಚ್ಚುವ ಪೆನ್ನಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ, ಅಷ್ಟೇ. ನನ್ನ ತರಗತಿಯಲ್ಲಿ ಈ ಕಥೆ ಕೇಳಿದ ಮೇಲೆ, 'ಈ ಮೀಟರ್ ಯಾರದು?' ಎಂದು ಹೆಸರು ಓದದೆ ಯಾರೂ ಕೈಗೆತ್ತಿಕೊಂಡಿಲ್ಲ. ನೀವು ನೋಡುವ ಕೋರ್ಸ್‌ನಲ್ಲಿ ಈ ಭಾಗವನ್ನು ಸ್ಲೈಡ್ ಓದಿ ಮುಗಿಸುತ್ತಾರೋ, ಮೀಟರ್ ಕೈಗೆ ಕೊಟ್ಟು ಒರೆಸಲು ಹೇಳುತ್ತಾರೋ ಕೇಳಿ.

ಸಕ್ಕರೆ ಕಾಯಿಲೆಯ ಆರೈಕೆಯ ತರಬೇತಿ ಮತ್ತು ಪರಿಶೀಲನೆ ಬೇರೆಯಾಗಿ ಮುಗಿಸಿದರೆ ಇಲ್ಲಿ ಮೆಡಿಕೇಶನ್ ಏಡ್ ಇನ್ಸುಲಿನ್ ಕೊಡಬಹುದು. ಅದು ಮುಗಿಯದೆ ಕೊಡುವಂತಿಲ್ಲ, ಪಾಳಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಸರಿ.

ಪೊಟೊಮ್ಯಾಕ್ ನದಿಯ ಎರಡು ದಡ

ವಾಷಿಂಗ್ಟನ್ ಡಿಸಿ ಸುತ್ತಲಿನ ಕನ್ನಡಿಗರಿಗೆ ನಿಜವಾದ ಆಯ್ಕೆ ಇದೆ. ಮನೆ ವರ್ಜೀನಿಯಾದಲ್ಲಿದ್ದರೂ ಸೇತುವೆ ದಾಟಿದರೆ ಮೇರಿಲ್ಯಾಂಡ್. ಕೆಲಸ ಎರಡೂ ಕಡೆ ಸಿಗುತ್ತದೆ. ಎರಡರ ನಿಯಮ ಮಾತ್ರ ಅಜಗಜಾಂತರ.

ವರ್ಜೀನಿಯಾದ್ದು 68 ಗಂಟೆ. 40 ಗಂಟೆ ಪಾಠ ಮತ್ತು ಅಭ್ಯಾಸ, 8 ಗಂಟೆ ಇನ್ಸುಲಿನ್ ಸೇರಿ ಸಕ್ಕರೆ ಕಾಯಿಲೆಗೇ ಮೀಸಲು, 20 ಗಂಟೆ ಮೇಲ್ವಿಚಾರಣೆಯಲ್ಲಿ ಕೈಕೆಲಸ. ಅದಕ್ಕೂ ಮೊದಲು ನೇರ ಆರೈಕೆಯ ತರಬೇತಿ ಪಡೆದಿರಬೇಕು. ಪರೀಕ್ಷೆ ಪಾಸಾದ ಮೇಲೆ ನರ್ಸಿಂಗ್ ಮಂಡಳಿ ನಿಮ್ಮನ್ನು ರಿಜಿಸ್ಟರ್ಡ್ ಮೆಡಿಕೇಶನ್ ಏಡ್ ಎಂದು ನೋಂದಾಯಿಸುತ್ತದೆ. ಇನ್ಸುಲಿನ್, ಗ್ಲುಕಗಾನ್ (ಸಕ್ಕರೆ ತೀರಾ ಇಳಿದಾಗ), ತಾನಾಗಿ ಚುಚ್ಚುವ ಎಪಿನೆಫ್ರಿನ್ (ತೀವ್ರ ಅಲರ್ಜಿಗೆ) ಬಿಟ್ಟು ಬೇರೆ ಇಂಜೆಕ್ಷನ್ ಕೊಡುವಂತಿಲ್ಲ. ಡಾಕ್ಟರ್ ಬಾಯಲ್ಲಿ ಹೇಳಿದ ಆದೇಶವನ್ನು ಔಷಧಿ ಅಂಗಡಿಗೆ ಮುಟ್ಟಿಸುವಂತಿಲ್ಲ. ಇವರಿಗೆ ಇವತ್ತು ಅರ್ಧ ಸಾಕು ಎಂದು ತಾನೇ ತೀರ್ಮಾನಿಸುವಂತಿಲ್ಲ.

ಮೇರಿಲ್ಯಾಂಡ್‌ನದು 20 ಗಂಟೆಯ ಕೋರ್ಸ್. ಮುಗಿಸಿದವರನ್ನು ಸರ್ಟಿಫೈಡ್ ಮೆಡಿಕೇಶನ್ ಟೆಕ್ನಿಷಿಯನ್, ಬಾಯಿಮಾತಿನಲ್ಲಿ ಮೆಡ್ ಟೆಕ್, ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ನವೀಕರಣ. ಮೇಲ್ನೋಟಕ್ಕೆ ಸಲೀಸು. ಆದರೆ ಅಲ್ಲಿನ ಏರ್ಪಾಡು ನಿಂತಿರುವುದು ಡೆಲಿಗೇಟಿಂಗ್ ನರ್ಸ್, ಅಂದರೆ ತನ್ನ ಕೆಲಸವನ್ನು ನಿಮಗೆ ವಹಿಸುವ ನರ್ಸ್ ಮೇಲೆ. ಆಕೆಯ ಲೈಸೆನ್ಸ್‌ನ ನೆರಳಿನಲ್ಲಿ ನೀವು ಮಾತ್ರೆ ಕೊಡುತ್ತೀರಿ. ಕನಿಷ್ಠ 45 ದಿನಕ್ಕೊಮ್ಮೆ ಆಕೆ ಸ್ಥಳಕ್ಕೆ ಬಂದು ಹಿರಿಯರನ್ನು ನೋಡಬೇಕು. ಆ ನರ್ಸ್ ಒಳ್ಳೆಯವಳಾದರೆ ಇಪ್ಪತ್ತು ಗಂಟೆಯ ಕೋರ್ಸ್ ವರ್ಷವಿಡೀ ನಡೆಯುವ ಪಾಠವಾಗುತ್ತದೆ. ಸಹಿ ಹಾಕಿ ಹೋಗುವವಳಾದರೆ ನೀವು ಒಂಟಿ.

ನನ್ನ ಸಲಹೆ ಹೀಗೆ. ಆರೈಕೆಯ ಕೆಲಸ ಎಂದೂ ಮಾಡಿರದವರು, ಇಂಗ್ಲಿಷ್‌ನ ಔಷಧಿ ಹೆಸರುಗಳಿಗೆ ಇನ್ನೂ ನಾಲಿಗೆ ಹೊರಳದವರು ವರ್ಜೀನಿಯಾದ 68 ಗಂಟೆಯನ್ನೇ ಆರಿಸಿ, ಹೆಚ್ಚು ದಿನ ಹಿಡಿದರೂ ಚಿಂತೆಯಿಲ್ಲ. ಈಗಾಗಲೇ ಆರೈಕೆಯಲ್ಲಿ ಕೈ ಪಳಗಿರುವವರು ಮೇರಿಲ್ಯಾಂಡ್ ನೋಡಬಹುದು. ಆದರೆ ಕೋರ್ಸ್‌ಗಿಂತ ಮೊದಲು ಕೆಲಸದ ಜಾಗ ಹುಡುಕಿ, ಅಲ್ಲಿನ ಡೆಲಿಗೇಟಿಂಗ್ ನರ್ಸ್ ಜೊತೆ ಹತ್ತು ನಿಮಿಷ ಮಾತಾಡಿ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುತ್ತೀರಾ ಎಂದು ಕೇಳಲು ಸಂಕೋಚ ಬೇಡ.

ಟೆಕ್ಸಾಸ್, ವಾಷಿಂಗ್ಟನ್ ರಾಜ್ಯ

ಟೆಕ್ಸಾಸ್‌ನ ಪರ್ಮಿಟ್‌ಗೆ 140 ಗಂಟೆ: 100 ತರಗತಿಯಲ್ಲಿ, ಉಳಿದದ್ದು ಪ್ರಯೋಗಾಲಯದ ಅಭ್ಯಾಸ ಮತ್ತು ಹಿರಿಯರ ಜೊತೆಗಿನ ಕೈಕೆಲಸ. ಡಾಲಸ್, ಆಸ್ಟಿನ್ ಕಡೆಯವರು ಇದನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮಾಡುವುದು ಒಳ್ಳೆಯದು. ಸಮಯ ಕೊಡಬಲ್ಲವರಿಗೆ ಔಷಧಿಗಳ ಗುಣ, ಅಡ್ಡಪರಿಣಾಮ ಇಷ್ಟು ಆಳವಾಗಿ ಕಲಿಸುವ ದಾರಿ ನಾನು ಇಲ್ಲಿ ಹೇಳಿದ ರಾಜ್ಯಗಳಲ್ಲಿ ಇನ್ನೊಂದಿಲ್ಲ.

ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಕಡೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ನರ್ಸ್ ಡೆಲಿಗೇಶನ್: 9 ಗಂಟೆಯ ಮೂಲ ಪಾಠ, ಇನ್ಸುಲಿನ್‌ಗೆ ಇನ್ನೂ 3 ಗಂಟೆ. ನರ್ಸ್ ನಿಮಗೆ ವಹಿಸುವುದು ಇಂಥ ಹಿರಿಯರ ಇಂಥ ಕೆಲಸ ಎಂದು ನಿರ್ದಿಷ್ಟವಾಗಿ. ಪಕ್ಕದ ಕೋಣೆಯವರಿಗೂ ಅದೇ ಕಣ್ಣಿನ ಹನಿ ಇದ್ದರೂ, ವಹಿಸದೆ ಹಾಕುವಂತಿಲ್ಲ. ಇನ್ಸುಲಿನ್ ವಹಿಸಿದರೆ ನರ್ಸ್ ನಿಮ್ಮ ಕೈ ನೋಡುತ್ತಿರಬೇಕು. ಗಂಟೆ ಕಡಿಮೆ, ಕಾವಲು ಹೆಚ್ಚು. ನನಗೆ ಈ ಪದ್ಧತಿಯ ಮೇಲೆ ಗೌರವವಿದೆ.

ಗಂಟೆ ಲೆಕ್ಕದಲ್ಲಿ ಕಾಣದ್ದು

ಒಂದು ಬೆಳಗ್ಗೆ ಎಂಟರ ಮಾತ್ರೆ ಸುತ್ತಿನಲ್ಲಿ ಹೊಸ ಹುಡುಗಿಯೊಬ್ಬಳ ಪಕ್ಕ ನಿಂತಿದ್ದೆ. ಲಿಖಿತ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಪಾಸಾದವಳು. ಟ್ರಾಲಿಯ ಡ್ರಾಯರ್ ಎಳೆದಳು, ಮಾತ್ರೆಗಳ ಕಾರ್ಡ್ ತೆಗೆದಳು, ಲೇಬಲ್ ಓದಿದಳು, ದಾಖಲೆ ಹಾಳೆಯ ಜೊತೆ ತಾಳೆ ನೋಡಿದಳು. ಎಲ್ಲವೂ ಸರಿ. ಬಿಪಿ, ಎದೆಬಡಿತಕ್ಕೆ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್, ದಿನಕ್ಕೊಂದು. ಅಜ್ಜಿಗೆ ನುಂಗಲು ಕಷ್ಟ ಎಂದು ನೆನಪಾಗಿ ಮಾತ್ರೆಯನ್ನು ಪುಟ್ಟ ಚೀಲಕ್ಕೆ ಹಾಕಿ ಪುಡಿ ಮಾಡುವ ಯಂತ್ರದೊಳಗಿಟ್ಟಳು. ಆ್ಯಪಲ್ ಸಾಸ್ ಬಟ್ಟಲು ಪಕ್ಕದಲ್ಲೇ ಇತ್ತು. ಹಿಡಿ ಒತ್ತುವ ಮೊದಲು ನಾನು ಅವಳ ಕೈ ಮೇಲೆ ಕೈ ಇಟ್ಟೆ.

ಆ ಮಾತ್ರೆ ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದ್ದು. ಪುಡಿ ಮಾಡಿದರೆ ಇಡೀ ದಿನದ ಡೋಸ್ ಒಂದೇ ಸಲ ರಕ್ತಕ್ಕೆ ಸೇರುತ್ತದೆ. ನಾಡಿಬಡಿತ ಇಳಿದು ಅಜ್ಜಿ ಬಚ್ಚಲಲ್ಲಿ ಬೀಳಬಹುದು. ಅದೇ ಮೆಟೊಪ್ರೊಲಾಲ್‌ನ ಟಾರ್ಟ್ರೇಟ್ ರೂಪ ಹಾಗಲ್ಲ. ಹೆಸರಿನ ಮೊದಲ ಭಾಗ ಒಂದೇ, ಎರಡನೆಯ ಭಾಗದಲ್ಲಿ ಅಪಾಯವಿದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವಳು ಮಾಡಹೊರಟದ್ದು ಅಜ್ಜಿಯ ಮೇಲಿನ ಅಕ್ಕರೆಯಿಂದಲೇ. ಆಮೇಲೆ ನಾವಿಬ್ಬರೂ ನರ್ಸ್‌ಗೆ ತಿಳಿಸಿ, ಡಾಕ್ಟರಿಂದ ಬೇರೆ ರೂಪದ ಔಷಧಿ ಬರೆಸಿಕೊಂಡೆವು.

ಅಂಥ ಗಳಿಗೆಯಲ್ಲಿ ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೋ ಇಲ್ಲವೋ ಎಂಬುದು ಯಾವ ಕೋರ್ಸ್‌ನ ಜಾಹೀರಾತಿನಲ್ಲೂ ಬರೆದಿರುವುದಿಲ್ಲ. ಎರಡು ಕೋರ್ಸ್‌ಗಳ ನಡುವೆ ಗೊಂದಲವಾದರೆ ನಾನು ಕೇಳಲು ಹೇಳುವ ಪ್ರಶ್ನೆಗಳು ಇದರಿಂದಲೇ ಹುಟ್ಟಿದವು. ಕೈಕೆಲಸದ ಪರಿಶೀಲನೆ ಪ್ಲಾಸ್ಟಿಕ್ ಗೊಂಬೆಯ ಮೇಲೋ, ನಿಜವಾದ ಬೆಳಗಿನ ಸುತ್ತಿನಲ್ಲೋ? ಎಷ್ಟು ಹಿರಿಯರಿಗೆ ಕೊಟ್ಟ ಮೇಲೆ ಸಹಿ ಹಾಕುತ್ತಾರೆ? ಪುಡಿ ಮಾಡಬಾರದ ಮಾತ್ರೆಗಳ ಪಟ್ಟಿ ಟ್ರಾಲಿಯಲ್ಲಿ ಇರುತ್ತದಾ? ನೋವಿನ ಪ್ಯಾಚ್ ಹಚ್ಚುವಾಗ ಹಳೆಯದನ್ನು ಹುಡುಕಿ ತೆಗೆಯುವುದನ್ನು ಮಾಡಿಸಿ ತೋರಿಸುತ್ತಾರಾ? ಫೆಂಟನಿಲ್ ಪ್ಯಾಚ್ ಎರಡು ಒಟ್ಟಿಗೆ ಉಳಿದರೆ ಉಸಿರೇ ನಿಧಾನವಾಗಿ ನಿಲ್ಲಬಹುದು. ಹಳೆಯ ಪ್ಯಾಚ್ ಬೆನ್ನ ಹಿಂದೆ, ಭುಜದ ಮಡಿಕೆಯಲ್ಲಿ ಇರುತ್ತದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು. ನಿಯಂತ್ರಿತ ಔಷಧಿಗಳನ್ನು ಪಾಳಿ ಬದಲಾಗುವಾಗ ಇಬ್ಬರು ಕೂತು ಎಣಿಸುವುದನ್ನು ಕಲಿಸುತ್ತಾರಾ? ಮುಂಚೆಯೇ ಮಾತ್ರೆಗಳನ್ನೆಲ್ಲ ಬಟ್ಟಲುಗಳಿಗೆ ಸುರಿದಿಟ್ಟುಕೊಳ್ಳುವ ಅಭ್ಯಾಸ ಅಲ್ಲಿ ಇದೆಯಾ? ಇದ್ದರೆ ಆ ಜಾಗ ಬೇಡ.

ಇನ್ನೊಂದು ಪ್ರಶ್ನೆಯಿದೆ, ಅದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ: "ತಪ್ಪು ಮಾತ್ರೆ ಕೊಟ್ಟುಬಿಟ್ಟರೆ ಏನು ಮಾಡಬೇಕು?" ಕೂಡಲೇ ನರ್ಸ್‌ಗೆ ತಿಳಿಸು, ಹಿರಿಯರ ಪಕ್ಕದಲ್ಲೇ ಇರು, ಡಾಕ್ಟರಿಗೆ ಹೇಳು, ಆದದ್ದನ್ನು ಆದಂತೆ ಬರೆ ಎಂದರೆ ಅದು ಕಲಿಸಬಲ್ಲ ಜಾಗ. 'ನಮ್ಮಲ್ಲಿ ಅಂಥದ್ದೆಲ್ಲ ಆಗುವುದಿಲ್ಲ' ಎಂದರೆ ಅಲ್ಲಿ ತಪ್ಪನ್ನು ಮುಚ್ಚಿಡುತ್ತಾರೆ ಎಂದು ತಿಳಿಯಿರಿ. ನಾನು ಮೊದಲು ಕೆಲಸ ಮಾಡಿದ ಒಂದು ವಸತಿಯಲ್ಲಿ ಹಾಗೇ ಇತ್ತು. ಮಾತ್ರೆ ನುಂಗುವ ಮೊದಲೇ ಸುತ್ತಿನ ಎಲ್ಲ ಸಹಿಗಳೂ ಬಿದ್ದಿರುತ್ತಿದ್ದವು. ಒಬ್ಬ ತಾತ ಮಾತ್ರೆಗಳನ್ನು ಉಗುಳಿ ದಿಂಬಿನ ಚೀಲದೊಳಗೆ ಸೇರಿಸುತ್ತಿದ್ದದ್ದು ಹಾಸಿಗೆ ಬದಲಿಸುವಾಗಲಷ್ಟೇ ಗೊತ್ತಾಯಿತು. ಹಾಳೆಯ ಪ್ರಕಾರ ಅವರು ಎಲ್ಲವನ್ನೂ ನುಂಗಿದ್ದರು.

ನಮ್ಮವರಿಗಾಗಿ ಒಂದೆರಡು ಮಾತು

ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸಗಾರರ ಕುಟುಂಬದವರ ವೀಸಾ) ಇರುವವರು ಕೆಲಸದ ಪರವಾನಗಿ ಬರುವ ತನಕ ಈ ಕೆಲಸಕ್ಕೆ ಸೇರುವಂತಿಲ್ಲ. ಮಗಳ ಮನೆಗೆ ಪ್ರವಾಸಿ ವೀಸಾದಲ್ಲಿ ಬಂದ ಅಮ್ಮಂದಿರಿಗಂತೂ ಬೇಡವೇ ಬೇಡ, ಪರಿಚಯದವರು ಕೈಗೆ ದುಡ್ಡು ಕೊಡುತ್ತೇವೆ ಎಂದರೂ.

ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಬಂದವರು ಆ ಸರ್ಟಿಫಿಕೇಟ್ ತೋರಿಸಿ ನೇರವಾಗಿ ಟ್ರಾಲಿ ಹಿಡಿಯಬಹುದು ಎಂದುಕೊಂಡಿರುತ್ತಾರೆ. ಆಗುವುದಿಲ್ಲ, ರಾಜ್ಯ ಹೇಳಿದ ದಾರಿಯಲ್ಲೇ ಬರಬೇಕು. ನಿಮಗೆ ನನ್ನ ಕಳಕಳಿಯ ಮಾತು: ಮೆಡಿಕೇಶನ್ ಏಡ್ ಕೆಲಸವನ್ನು ಮನೆ ಖರ್ಚಿಗೆ ಮಾಡಿ, ಜೊತೆಗೇ ಓದಿನ ದಾಖಲೆಗಳ ಮೌಲ್ಯಮಾಪನ ಶುರುಮಾಡಿ, ಇಲ್ಲಿನ ನರ್ಸಿಂಗ್ ಲೈಸೆನ್ಸ್‌ಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಓದಿ. ಊರಿನ ಕಾಲೇಜಿನಿಂದ, ನರ್ಸಿಂಗ್ ಕೌನ್ಸಿಲ್‌ನಿಂದ ಕಾಗದಪತ್ರ ಬರುವುದಕ್ಕೆ ಕಾಲ ಹಿಡಿಯುತ್ತದೆ. ಆ ಕಾಯುವ ದಿನಗಳಲ್ಲಿ ಹಿರಿಯರ ನಡುವೆ ಕಲಿಯುವ ಇಂಗ್ಲಿಷ್ ಯಾವ ಕೋಚಿಂಗ್‌ನಲ್ಲೂ ಸಿಗುವುದಿಲ್ಲ.

ಭಾಷೆಯ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹೈಡ್ರಲಜಿನ್, ಹೈಡ್ರಾಕ್ಸಿಜಿನ್ ಎರಡನ್ನೂ ಜೋರಾಗಿ ಹತ್ತು ಸಲ ಹೇಳಿ ನೋಡಿ. ಒಂದು ಬಿಪಿಗೆ, ಇನ್ನೊಂದು ತುರಿಕೆ, ಆತಂಕಕ್ಕೆ. ನಮ್ಮ ಕಿವಿಗೆ ಎರಡೂ ಒಂದೇ ಥರ ಕೇಳುತ್ತವೆ. ನಾನು ಬಳಸುವ ಉಪಾಯ ಸರಳ: ಹೊಸ ಔಷಧಿ ಕಂಡಾಗ ಹೆಸರನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಯಾತಕ್ಕೆ ಕೊಡುತ್ತಾರೆ ಎಂದು ಒಂದು ಸಾಲು. ಆ ಪುಟ್ಟ ನೋಟ್‌ಬುಕ್ ಮನೆಯಲ್ಲಿರಲಿ. ಪಾಳಿಯಲ್ಲಿ ಓದುವುದು ಲೇಬಲ್ ಮಾತ್ರ, ಮೂರು ಸಲ: ಡ್ರಾಯರ್‌ನಿಂದ ತೆಗೆಯುವಾಗ, ಬಟ್ಟಲಿಗೆ ಹಾಕುವಾಗ, ಕಾರ್ಡ್ ವಾಪಸ್ ಇಡುವಾಗ.

ನಿಯಮಗಳು ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ದಿನವೇ ನಿಮ್ಮ ರಾಜ್ಯದ ನರ್ಸಿಂಗ್ ಮಂಡಳಿ ಅಥವಾ ವಸತಿಗಳಿಗೆ ಪರವಾನಗಿ ಕೊಡುವ ಇಲಾಖೆಯ ಪುಟ ತೆರೆದು, ಒಪ್ಪಿಗೆ ಪಡೆದ ಕೋರ್ಸ್‌ಗಳ ಪಟ್ಟಿಯಲ್ಲಿ ಆ ಹೆಸರು ಇದೆಯೇ ನೋಡಿ. ಹಲವು ವಸತಿಗಳು ಕೆಲಸಕ್ಕೆ ಸೇರಿಸಿಕೊಂಡು ತಾವೇ ತರಬೇತಿ ಕೊಡುತ್ತವೆ. ಆಗ ದುಡ್ಡು ಕಟ್ಟುವ ಮಾತೇ ಇಲ್ಲ.

ಕ್ಯಾರಿಯ ಹೆಣ್ಣುಮಗಳಿಗೆ ಹಾಗೇ ಸಿಕ್ಕಿತು. ಮೊದಲ ಐದು ಗಂಟೆ ಮುಗಿಸಿದ್ದಾಳೆ. ಬರುವ ಮಂಗಳವಾರ ಬೆಳಗ್ಗೆ ಏಳಕ್ಕೆ ನರ್ಸ್ ಅವಳ ಪಕ್ಕ ನಿಂತು ಕೈಕೆಲಸ ನೋಡುತ್ತಾರೆ. ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದಳು, "ಅಕ್ಕಾ, ಕಣ್ಣಿಗೆ ಎರಡು ಬೇರೆ ಬೇರೆ ಹನಿ ಇದ್ರೆ ನಡುವೆ ಎಷ್ಟು ನಿಮಿಷ ಬಿಡಬೇಕು?" ಐದು ನಿಮಿಷ ಅಂದೆ. ಬರೆದುಕೊಂಡಳು.